ಹಿಂದೆ ಬಿದ್ದ ನೆರಳು

ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಒಂದಷ್ಟು ದಿನ ನೆರಳಿಗೆ ಸುಸ್ತು. ಒಡತಿ ಕೈ ಎತ್ತಿದರೆ ಅದು ತಡವಾಗಿ ಎತ್ತುತ್ತದೆ, ಹಿಂದೆ ಹಿಂದೆಯೇ ಬೀಳುತ್ತದೆ. ಅದು ಜೊತೆಗೂಡುವ ತನಕ ಹೈಸ್ಕೂಲಿನಲ್ಲಿ ಯಾರನ್ನೂ ಕಬಡ್ಡಿ ಅಂಕಣಕ್ಕೆ ಇಳಿಸುವಂತಿರಲಿಲ್ಲ.

ಫೈನಲ್ ದಿನ ಬೆಳಿಗ್ಗೆ ಪಿ.ಟಿ. ಟೀಚರ್ ಫಿಲೋಮಿನಾ ಮಿಸ್, ಹೋದ ವಾರ ತಲೆಗೆ ಪೆಟ್ಟು ತಿಂದಿದ್ದ ತನುಜಾಳನ್ನು ಎಳೆಬಿಸಿಲಿಗೆ ನಿಲ್ಲಿಸಿದರು.

"ಎಲ್ಲಿ, ಕೈ ಎತ್ತು ನೋಡೋಣ."

ತನುಜಾ ವಾರವಿಡೀ ತಾರಸಿಯ ಮೇಲೆ ಕದ್ದು ಅಭ್ಯಾಸ ಮಾಡಿದ್ದಳು. ನೀರಿನೊಳಗೆ ಎತ್ತಿದ ಹಾಗೆ ಕೈಯನ್ನು ಮೆಲ್ಲಗೆ, ತೀರಾ ಮೆಲ್ಲಗೆ ಎತ್ತಿದಳು. ನೆರಳೂ ಜೊತೆಯಲ್ಲೇ ಎತ್ತಿತು.

"ನೋಡಿ ಮಿಸ್, ಸರಿಹೋಗಿದೆ. ಆಡ್ತೀನಿ."

ಮಿಸ್ ಬೈಯಲಿಲ್ಲ. ಬಂದು ಅವಳ ಪಕ್ಕದಲ್ಲಿ ನಿಂತರು, ಅಷ್ಟೆ. "ನೀನೇನೋ ಆಡ್ತೀಯ. ಅದನ್ನ ಕೇಳಿದ್ಯಾ?"

ತನುಜಾ ನೆಲ ನೋಡಿದಳು. ಅವಳು ನೆಟ್ಟಗೆ ನಿಂತೇ ಇದ್ದಳು. ಮಣ್ಣಿನ ಮೇಲೆ ಅವಳ ನೆರಳು ಮಾತ್ರ ಎತ್ತಿದ್ದ ಕೈಯನ್ನು ಇಳಿಬಿಟ್ಟು, ನಿಧಾನಕ್ಕೆ ವಾಲಿ, ಮಿಸ್ ಅವರ ನೆರಳಿನ ಹೆಗಲಿಗೆ ತಲೆಯಿಟ್ಟು ಒರಗಿಕೊಂಡಿತು. ಇಷ್ಟು ದಿನ ಅದನ್ನು ತಾರಸಿಯ ಮೇಲೆ ಎಳೆದಾಡಿದ್ದು ನೆನಪಾಗಿ ಅವಳೂ ಕೈಯನ್ನು ಮೆಲ್ಲಗೆ ಇಳಿಸಿದಳು.

ಅತ್ತ ಸೀಟಿ ಕೇಳಿಸಿತು. ತಂಡದ ಹುಡುಗಿಯರು ಕೂಗಿದರು: "ಲೇ ತನುಜಾ, ಬಾರೇ!"

ತನುಜಾ ನಿಂತಲ್ಲಿಂದ ಅಲುಗಾಡದೆ ತುಟಿಗೆ ಬೆರಳಿಟ್ಟಳು.

"ಶ್... ಕೂಗ್ಬೇಡ್ರೇ. ಈಗ ತಾನೇ ನಿದ್ದೆ ಹತ್ತಿದೆ ಅದಕ್ಕೆ."