ಒಂದೇ ಬಿಲ್ಲೆ

"ಸಂಜಿ ಟೆಂಪೊ ಬಿಡೂದ್ರೊಳಗ ನನಗ ಹೆಸರು ಬೇಕು," ಎಂದ ಮ್ಯಾನೇಜರ್ ಕಾಶಿನಾಥ. "ಇದು ಮೂರನೇ ಕಾಗದ. ಹುಬ್ಬಳ್ಳಿ ಆಫೀಸಿನವ್ರು ಕೇಳಾಕತ್ತಾರ."

ನಂದಾ ಕಾಗದ ತೆಗೆದುಕೊಂಡಳು. ಓದಲಿಲ್ಲ. ದೂರು ಪೆಟ್ಟಿಗೆಯಿಂದ ಈ ತಿಂಗಳು ಬಂದ ಮೊದಲ ಎರಡರಲ್ಲಿ ಇದ್ದದ್ದೇ ಇದರಲ್ಲೂ ಇತ್ತು. ಕಾಶಿನಾಥನೇ ಅದನ್ನು ಮರಳಿ ಕಸಿದುಕೊಂಡು ಗಟ್ಟಿಯಾಗಿ ಓದಿದ.

"'ನಲವತ್ತು ಹೆಂಗಸರಿಗೆ ಒಂದೇ ಬಿಲ್ಲೆ. ಅದು ಕೈಯಲ್ಲಿಲ್ಲದೆ ಶೌಚಾಲಯಕ್ಕೆ ಹೋಗುವಂತಿಲ್ಲ. ಮಂಗಳವಾರ ಇಡೀ ದಿನಕ್ಕೆ ಹತ್ತೊಂಬತ್ತು ಸಲ ಕೊಟ್ಟಿದ್ದಾಳೆ. ಉಳಿದವರು ತಡೆದುಕೊಂಡು ಕೂತರು. ಸೂಪರ್‌ವೈಜರ್ ನಂದಾಳನ್ನು ತೆಗೆದು ಮತ್ತೆ ಮಶೀನಿಗೆ ಕೂಡಿಸಿ.'" ಅವನು ನಕ್ಕ. "ಮಶೀನಿಗೆ ಅಂತ! ಮ್ಯಾಲೆ ಏರಿದವ್ರನ್ನ ಕೆಳಗ ಇಳಸೂ ಪದ್ಧತಿ ನಮ್ಮಲ್ಲಿಲ್ಲ. ಬ್ಯಾಡಾದವ್ರಿಗೆ ಗೇಟ್ ಐತಿ."

ಆ ಮಾತನ್ನು ನಂದಾ ಶ್ರಾವಣದಲ್ಲೂ ಒಮ್ಮೆ ಕೇಳಿದ್ದಳು, ಇದೇ ಮೇಜಿನ ಮುಂದೆ ನಿಂತು.

"ಯಾರ ಕೈ ಅಂತ ನಿಮಗ ಗೊತ್ತಾಗೂದಿಲ್ಲೇನ್ರಿ? ದಿನಾ ಅವ್ರ ನಡುವನ ಇರ್ತೀರಿ."

"ಗೊತ್ತಾಗ್ತೈತ್ರಿ," ಎಂದಳು ನಂದಾ.

ಕಲಘಟಗಿ ರಸ್ತೆಯ ಆ ತಗಡಿನ ಶೆಡ್ಡಿನಲ್ಲಿ ಶರ್ಟಿನ ಕಾಲರು ಹೊಲಿಯುತ್ತಾರೆ. ಮಿಶ್ರಿಕೋಟಿ, ದುಮ್ಮವಾಡದ ಕಡೆಯಿಂದ ಕಂಪನಿಯ ಟೆಂಪೊ ಹೆಂಗಸರನ್ನು ತುಂಬಿಕೊಂಡು ಬರುತ್ತದೆ. ಬಿಲ್ಲೆ ದಿನಕ್ಕೆ ಇಪ್ಪತ್ತು ಸಲ ದಾಟಬಾರದೆಂಬುದು ಕಾಶಿನಾಥನ ಬಾಯಿಮಾತಿನ ಅಪ್ಪಣೆ. ಅದು ಎಲ್ಲಿಯೂ ಬರವಣಿಗೆಯಲ್ಲಿಲ್ಲ. ಬಿಲ್ಲೆ ಮಾತ್ರ ನಂದಾಳ ಕೈಯಲ್ಲಿ, ಬೈಗುಳವೂ ನಂದಾಳಿಗೇ.

ಅವಳು ಒಳಗೆ ಕಾಲಿಟ್ಟೊಡನೆ ಮಾತು ನಿಂತಿತು.

"ಬಿಲ್ಲೆವ್ವ ಬಂದ್ಲು ನೋಡ್ರೆವಾ," ಎಂದಳು ಸಾವಿತ್ರೆವ್ವ. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು, ಹೆದರಿಕೆ ಕಡಿಮೆ. "ನೀರಿನ ಬಾಟ್ಲಿ ಮುಚ್ಚಿಡ್ರಿ. ಕುಡದಿದ್ದು ಕಂಡ್ರ ಆಕಿಗೆ ತ್ರಾಸ ಆಗ್ತೈತಿ."

ಯಾರೋ ಕಿಸಕ್ಕೆಂದರು. ನಂದಾ ಒಂದೊಂದೇ ಮಶೀನಿನ ಹಿಂದೆ ನಿಂತು ಮುಂದೆ ಸರಿದಳು. ನಿಂತಲ್ಲೆಲ್ಲ ಬೆನ್ನುಗಳು ಬಿಗಿಯಾದವು. ಹನ್ನೊಂದು ತಿಂಗಳ ಹಿಂದೆ ಇವರ ಡಬ್ಬಿಯಿಂದಲೇ ಅವಳು ರೊಟ್ಟಿ ಮುರಿದು ತಿನ್ನುತ್ತಿದ್ದಳು. ಈಗ ಅವಳು ಬಂದರೆ ಡಬ್ಬಿಗಳು ಮುಚ್ಚಿಕೊಳ್ಳುತ್ತವೆ.

ಹದಿನಾಲ್ಕನೆಯ ಮಶೀನಿನ ಹತ್ತಿರ ಅವಳ ಕೈ ತಾನಾಗಿ ಗಾಲಿಯ ಮೇಲೆ ಹೋಯಿತು. ಅದು ಹಿಂದೆ ಅವಳದೇ ಮಶೀನು. ಈಗ ದುಮ್ಮವಾಡದ ಇರಮ್ ಅಲ್ಲಿ ಕೂರುತ್ತಾಳೆ. ಮಂಗಳವಾರ ಇರಮ್ ಎರಡು ಸಲ ಬಿಲ್ಲೆ ಕೇಳಿದ್ದಳು, ಎರಡು ಸಲವೂ ನಂದಾ ಇಲ್ಲವೆಂದು ತಲೆಯಾಡಿಸಿದ್ದಳು. ಮರುದಿನ ಇರಮ್‌ಗೆ ಚಳಿಜ್ವರ. ಉರಿಮೂತ್ರ ಅಂದಿದ್ದರಂತೆ ಡಾಕ್ಟರು. ಎರಡು ದಿನ ಬಂದಿರಲಿಲ್ಲ.

"ಅಕ್ಕಾ, ನಾ ಬರದಿಲ್ರಿ."

"ನಿನ್ನ ಯಾರು ಕೇಳಿದ್ರು?"

"ಎಲ್ಲಾರೂ ನನ್ನ ಕಡೇನ ನೋಡಾಕತ್ತಾರ. ಈ ಕೆಲಸ ಹ್ವಾದ್ರ ನನಗ ಊರಾಗ ಬ್ಯಾರೆ ಏನೂ ಇಲ್ರಿ."

ನಂದಾ ಬಿಲ್ಲೆಯನ್ನು ಮಶೀನಿನ ಹಲಗೆಯ ಮೇಲಿಟ್ಟಳು. "ಹೋಗಿ ಬಾ."

ಇರಮ್ ಅದನ್ನು ನೋಡಿದಳು, ನಂದಾಳ ಮುಖ ನೋಡಿದಳು. ಬಿಲ್ಲೆ ಮುಟ್ಟಲಿಲ್ಲ. ಮತ್ತೆ ಬಗ್ಗಿ ಹೊಲಿಯತೊಡಗಿದಳು.

ಸಂಜೆ ಐದೂವರೆಗೆ ಕಾಶಿನಾಥ ಕಾಯುತ್ತಿದ್ದ. ಮೂರೂ ಕಾಗದ ಮೇಜಿನ ಮೇಲಿದ್ದವು.

"ನನಗ ಗೊತ್ತಾತು ಬಿಡ್ರಿ. ಹದಿನಾಲ್ಕನೇ ಮಶೀನಿನಾಕಿ. ಮಂಗಳವಾರದ್ದ ಸಿಟ್ಟು. ನಾಳೆಯಿಂದ ಬರೂದು ಬ್ಯಾಡ ಅಂತ ನೀವ ಹೇಳ್ರಿ."

"ಆಕಿ ಅಲ್ರಿ."

"ಹೆಂಗ?"

ನಂದಾ ಕಾಗದದ ಮೇಲ್ತುದಿಗೆ ಬೆರಳಿಟ್ಟಳು. ಎಡಗೈಯಿಂದ ಬರೆದಂತೆ ಅಕ್ಷರಗಳೆಲ್ಲ ಸೊಟ್ಟ. ಮೇಲಿನ ಶ್ರೀ ಮಾತ್ರ ಮುತ್ತಿನಂತೆ ಇತ್ತು. ಅದರ ಕೆಳಗೆ ವಿಭೂತಿ ಎಳೆದ ಹಾಗೆ ಮೂರು ಸಣ್ಣ ಅಡ್ಡಗೆರೆ.

"ಅಕ್ಷರ ಬದಲ ಮಾಡಿ ಬರದಾರ್ರಿ. ಇದನ್ನ ಬದಲ ಮಾಡಾಕ ಆಗಿಲ್ಲ. ಸಣ್ಣವರಿದ್ದಾಗಿಂದ ರೂಢಿ ಆದವ್ರಿಗೆ ಹಾಳಿ ಕಂಡ ಕೂಡ್ಲೆ ಕೈ ತಾನ ಬರದಬಿಡ್ತೈತಿ. ಇರಮ್ ಮನ್ಯಾಗ ಈ ರೂಢಿ ಎಲ್ಲಿಂದ ಬರಬೇಕ್ರಿ?"

ಕಾಶಿನಾಥ ಉಳಿದ ಎರಡನ್ನೂ ಹತ್ತಿರ ಹಿಡಿದು ನೋಡಿದ. ಅದೇ ಶ್ರೀ, ಅದೇ ಮೂರು ಗೆರೆ. ಅವನ ಮುಖದಲ್ಲಿ ಮೆಚ್ಚುಗೆ ಮೂಡಿತು.

"ನೀವು ಪೊಲೀಸ್ ಖಾತೆದಾಗ ಇರಬೇಕಾಗಿತ್ರಿ! ಆದ್ರ ಬಾಯಿಮಾತು ಹುಬ್ಬಳ್ಳಿಗೆ ನಡ್ಯಾಂಗಿಲ್ಲ. ಆಕಿ ಅಲ್ಲ ಅಂತ ಬರದು ಸಹಿ ಮಾಡಿಕೊಡ್ರಿ. ಇಲ್ಲಂದ್ರ ಆಕಿನ್ನ ನಾ ಉಳಸಾಕ ಆಗೂದಿಲ್ಲ."

ಬಿಳಿ ಹಾಳೆ, ಪೆನ್ನು ಮುಂದೆ ಬಂದವು. ಸೂಪರ್‌ವೈಜರ್ ಕೊಡುವ ದಿನದ ವರದಿಯೆಲ್ಲ ಮೊಬೈಲಿನಲ್ಲಿ. ಹನ್ನೊಂದು ತಿಂಗಳಲ್ಲಿ ಈ ಮೇಜಿನ ಮೇಲೆ ನಂದಾ ಪೆನ್ನು ಹಿಡಿಯುತ್ತಿರುವುದು ಇದೇ ಮೊದಲು.

ಹೊರಗೆ ಟೆಂಪೊ ಹಾರ್ನ್ ಹೊಡೆಯಿತು. ಬಾಗಿಲಾಚೆ ಇರಮ್ ಡಬ್ಬಿಯ ಚೀಲ ಎದೆಗೊತ್ತಿಕೊಂಡು ನಿಂತಿದ್ದಳು.

ನಂದಾಳ ಪೆನ್ನು ಹಾಳೆಗೆ ತಾಗಿ, ಒಂದಿಷ್ಟು ಸರಿದಾಡಿ, ತಟ್ಟನೆ ನಿಂತಿತು. ಹಾಳೆ ಹರಿದು ಬೇರೊಂದು ಕೇಳಬಹುದಿತ್ತು. ಕೇಳಲಿಲ್ಲ. 'ಈ ಮೂರು ಕಾಗದಗಳನ್ನು ಇರಮ್ ಬರೆದಿಲ್ಲ' ಎಂದು ಬರೆದು ಸಹಿ ಹಾಕಿದಳು. ಹಾಳೆಯನ್ನು ಅವನ ಕಡೆ ತಿರುಗಿಸಿಟ್ಟಳು. ಬಿಲ್ಲೆಯನ್ನೂ ಅದರ ಪಕ್ಕದಲ್ಲಿಟ್ಟಳು.

ಕಾಶಿನಾಥ ಸಹಿಯವರೆಗೆ ಬರಲೇ ಇಲ್ಲ. ಅವನ ಕಣ್ಣು ಹಾಳೆಯ ಮೇಲ್ತುದಿಯಲ್ಲೇ ನಿಂತಿತು.

ಅಲ್ಲಿ, ಮೂರು ಅಡ್ಡಗೆರೆಗಳ ಮೇಲೆ, ಆ ತಿಂಗಳಲ್ಲಿ ನಂದಾ ನಾಲ್ಕನೆಯ ಸಲ ಬರೆದ ಶ್ರೀ ಇತ್ತು.