ಶಾನೀಟೌನಿನ ಬಾಗಿಲುಗಳು

"ತಡಿ, ಈಗ ನೀರು ಬಿಡಬ್ಯಾಡ," ಎಂದು ನೀಲವ್ವ, ನದಿ ಬಳಿಯಲೆಂದು ಮೊಮ್ಮಗಳು ಸಿರಿಶಾ ಎತ್ತಿಕೊಂಡಿದ್ದ ನೀಲಿ ಬಣ್ಣದ ಡಬ್ಬಿಯನ್ನು ಹಿಡಿದುಕೊಂಡಳು. ಕ್ವೀನ್ಸ್‌ಬರಿಯ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಅಮೆರಿಕದ ಶಾನೀಟೌನ್ ರಟ್ಟಿನಲ್ಲಿ ಎದ್ದು ನಿಂತಿತ್ತು. ೧೯೩೭ರಲ್ಲಿ ಓಹಿಯೋ ನದಿ ಆ ಊರನ್ನು ಮುಳುಗಿಸಿದ ಮೇಲೆ ಜನ ಎತ್ತರದಲ್ಲಿ ಹೊಸ ಊರು ಕಟ್ಟಿಕೊಂಡಿದ್ದರು. ಸಿರಿಶಾ ಮರುದಿನ ಅದನ್ನು ಶಾಲೆಯಲ್ಲಿ ತೋರಿಸಬೇಕಿತ್ತು.

ನೀಲವ್ವ ಒಂದೊಂದೇ ಮನೆಯ ಬಾಗಿಲನ್ನು ಉಗುರಿನಿಂದ ಎಬ್ಬಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು.

"ಅಜ್ಜಿ, ನೋ! ಪಪ್ಪಾ, ಶೀ ಈಸ್ ರೂಯಿನಿಂಗ್ ಇಟ್!"

"ನೀರು ಬರೂದು ಗೊತ್ತಾದ ಮ್ಯಾಲೆ ಯಾರರೆ ಬಾಗಲಾ ಬಿಟ್ಟು ಹೊಕ್ಕಾರೇನು?" ಎಂದಳು ನೀಲವ್ವ, ಕೈ ನಿಲ್ಲಿಸದೆ.

ಮಗ ಸಂಗಮೇಶ ಲ್ಯಾಪ್‌ಟಾಪ್ ಮುಚ್ಚಿ ಬಂದ. ಹಳೇ ಬಾಗಲಕೋಟೆಯ ತಮ್ಮ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋದದ್ದನ್ನು ಅವನು ಮಗಳಿಗೆ ಎಂದೂ ಹೇಳಿರಲಿಲ್ಲ. ತಾಯಿ ಆ ಮಾತೆತ್ತಿದರೆ ಎದ್ದುಹೋಗುತ್ತಿದ್ದ. ಅಪ್ಪ ಈಗ ಅಜ್ಜಿಯನ್ನು ಗದರಿಸುತ್ತಾನೆಂದು ಸಿರಿಶಾ ಕಾದಳು.

ಅವನು ಕುರ್ಚಿ ಎಳೆದುಕೊಂಡು ಕೂತ. ಒಂದು ಪುಟ್ಟ ಮನೆಯನ್ನು ಎತ್ತಿ, ಬಾಗಿಲಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

"ಚೌಕಟ್ಟು ಹಂಗ ಬಿಟ್ಟಿಯಲ್ಲವ್ವಾ," ಎಂದ. "ನಮ್ಮ ಮನೀ ಬಿಡೂ ಮುಂದ ಅಪ್ಪ ಅದನ್ನೂ ಕಿತ್ಗೊಂಡು ಬಂದಿದ್ದ."