ಚಾಕಿನ ಗುರುತು

"ನಿನ್ನ ಗುರುತು ನೀನ ಒರಸಿ ಹೋಗವಾ" ಎಂದು ಕೋಚ್ ನಾಗಭೂಷಣ ಒದ್ದೆ ಬಟ್ಟೆಯನ್ನು ಭವ್ಯಳ ಕೈಗಿಟ್ಟರು. "ಮೊನ್ನಿ ಅಷ್ಟ ಗೋಡಿಗೆ ಬಣ್ಣ ಹೊಡಸೀವಿ. ನಿಂದು ನಮಗ್ಯಾರಿಗೂ ಎಟಕಂಗಿಲ್ಲ."

ವಾಲಿಬಾಲ್ ಆಯ್ಕೆಗೆಂದು ಹೊಸಪೇಟೆಗೆ ಬಂದ ಹುಡುಗಿಯರೆಲ್ಲ ಬೆರಳಿಗೆ ಚಾಕ್‌ಪುಡಿ ಹಚ್ಚಿಕೊಂಡು, ಜಿಗಿದು ಆ ಗೋಡೆ ಮುಟ್ಟಿದ್ದರು. ಎಲ್ಲಕ್ಕಿಂತ ಮೇಲಿದ್ದದ್ದು ಭವ್ಯಳ ಬೆರಳ ಗುರುತು. ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ತೌಡಿನ ಚೀಲ ಹೆಗಲಿಗೇರಿಸಿ ಕೂತು ಎದ್ದು, ಮೆಟ್ರಿಯ ಕಾಲುವೆ ಕಟ್ಟೆಗೆ ಹಾರಿ ಹಾರಿ ಮೊಣಕಾಲು ತರಚಿಕೊಂಡು ಗಳಿಸಿದ ಎತ್ತರ ಅದು. ಆದರೆ ತಂಡಕ್ಕೆ ಆರಿಸಿದ್ದು ಅವಳಿಗಿಂತ ಗೇಣುದ್ದ ಬೆಳೆದ ಹುಡುಗಿಯರನ್ನು. "ಜಿಗಿಯೋದು ಕಲಿಸಬಹುದು, ಉದ್ದ ಆಗೋದು ಹೆಂಗ ಕಲಿಸೋಣ?" ಎಂದು ಕೋಚ್ ಆಗಲೇ ಹೇಳಿ ಮುಗಿಸಿದ್ದರು.

ಭವ್ಯ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದು, ಸಿಟ್ಟನ್ನೆಲ್ಲ ಕಾಲಿಗಿಳಿಸಿ ಜಿಗಿದಳು. ಇಳಿದು ನೋಡಿದರೆ ಚಾಕಿನ ಗುರುತು ಹಾಗೇ ಇತ್ತು. ಬಟ್ಟೆಯ ಒದ್ದೆ ಅದಕ್ಕಿಂತ ನಾಲ್ಕು ಬೆರಳು ಮೇಲೆ ಮೂಡಿತ್ತು. ಅವಳು ತಿರುಗಿ ಕೋಚ್ ಮುಖ ನೋಡಿದಳು. ಅವರೂ ಆ ಒದ್ದೆಯನ್ನೇ ನೋಡುತ್ತಿದ್ದರು.

"ಅಷ್ಟು ಮ್ಯಾಲ ಬ್ಯಾಡವಾ," ಎಂದರು, "ಸ್ವಲ್ಪ ಕೆಳಗ ಜಿಗಿ."